ಕಾಪಿ ಮಾಡಲು ಖರ್ಚೇ ಇಲ್ಲದ ಸರಕಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಹೊಲಿಗೆ ಮಷೀನ್ ರಿಪೇರಿ ಮಾಡುತ್ತೇನೆ. ಎರಡು ವರ್ಷ ಕೂತು, ಚಿತ್ರಗಳನ್ನೂ ನಾನೇ ಬಿಡಿಸಿ, ಒಂದು ರಿಪೇರಿ ಕೈಪಿಡಿ ಬರೆದಿದ್ದೇನೆ. ಅದನ್ನು ಪಿಡಿಎಫ್ ಮಾಡಿ ಮಾರುವ ಆಸೆ. "ಕಾಪಿ ಮಾಡೋಕೆ ಬಿಡಿಗಾಸೂ ಖರ್ಚಿಲ್ಲ, ಅದಕ್ಕೆ ದುಡ್ಡು ತಗೊಳ್ಳೋದು ಯಾವ ನ್ಯಾಯ?" ಅಂತ ಒಬ್ಬ ಗೆಳೆಯ ಕೇಳುತ್ತಾನೆ. "ಎರಡು ವರ್ಷದ ದುಡಿಮೆ, ಜಾಸ್ತಿನೇ ಇಡು" ಅಂತ ಇನ್ನೊಬ್ಬ ಹೇಳುತ್ತಾನೆ. ಬೆಲೆ ಎಷ್ಟಿಡಲಿ? ಒಳಗೆ ಏನಿದೆ ಅಂತ ತೋರಿಸದಿದ್ದರೆ ಯಾರೂ ಕೊಳ್ಳುವುದಿಲ್ಲ, ತೋರಿಸಿಬಿಟ್ಟರೆ ಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ. ಒಬ್ಬರು ಕೊಂಡು ಹತ್ತು ಜನರಿಗೆ ಹಂಚಿದರೆ ಏನು ಮಾಡಲಿ? ಒಂದು ತರಬೇತಿ ಕೇಂದ್ರದವರು 40 ವಿದ್ಯಾರ್ಥಿಗಳಿಗೆ ಸೇರಿಸಿ ಒಂದೇ ಪ್ರತಿ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಿಮ್ಮ ಇಬ್ಬರು ಗೆಳೆಯರೂ ಖರ್ಚು ನೋಡಿ ಬೆಲೆ ಹೇಳುತ್ತಿದ್ದಾರೆ. ಒಬ್ಬರ ಕಣ್ಣು ಮುಂದಿನ ಪ್ರತಿಯ ಖರ್ಚಿನ ಮೇಲೆ, ಇನ್ನೊಬ್ಬರ ಕಣ್ಣು ಮೊದಲ ಪ್ರತಿಯ ಖರ್ಚಿನ ಮೇಲೆ. ನಿಮ್ಮ ಕೈಪಿಡಿಯ ಬೆಲೆ ಈ ಎರಡರಿಂದಲೂ ಹುಟ್ಟುವುದಿಲ್ಲ. ಅದು ಹುಟ್ಟುವುದು ಕೊಳ್ಳುವವರ ಕಡೆಯಿಂದ. ಆ ಪುಟಗಳು ಕೈಗೆ ಸಿಕ್ಕರೆ ಅವರ ಕೆಲಸ ಎಷ್ಟು ಹಗುರವಾಗುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಬೇರೆ ಕಡೆ ಅದೇ ಮಾಹಿತಿ ಸಿಗುತ್ತದೋ ಇಲ್ಲವೋ, ಇಷ್ಟರಿಂದ. ಕೊಳ್ಳುವವರು ಒಂದೇ ತರಹದವರಲ್ಲ. ಹಾಗಾಗಿ "ಎಷ್ಟಿಡಲಿ" ಅನ್ನುವ ಪ್ರಶ್ನೆಗೆ ಒಂದೇ ಅಂಕಿಯ ಉತ್ತರವೂ ಇಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ನ್ಯಾಯದ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ, ಅದರಲ್ಲಿ ನಿಜವಾದ ಹುರುಳಿದೆ. ಪುಸ್ತಕ, ಹಾಡು, ಸಾಫ್ಟ್‌ವೇರ್, ನಕ್ಷೆ, ಸುದ್ದಿ, ಪಾಠದ ವಿಡಿಯೊ, ಹೀಗೆ ಫೈಲ್ ಮಾಡಿ ಕಳಿಸಬಹುದಾದ ಎಲ್ಲವನ್ನೂ ಅರ್ಥಶಾಸ್ತ್ರದವರು ಮಾಹಿತಿ ಸರಕು ಅನ್ನುತ್ತಾರೆ. ಇವಕ್ಕೆಲ್ಲ ಒಂದು ಸಮಾನ ಗುಣ ಇದೆ. ನಿಮ್ಮ ಮಷೀನನ್ನು ನಾನು ಒಯ್ದರೆ ನಿಮ್ಮ ಹತ್ತಿರ ಮಷೀನ್ ಇರುವುದಿಲ್ಲ. ನಿಮ್ಮ ಕೈಪಿಡಿಯನ್ನು ನಾನು ಓದಿದರೆ ನಿಮಗೆ ಏನೂ ಕಡಿಮೆಯಾಗುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1813ರಲ್ಲಿ ಬರೆದ ಒಂದು ಪತ್ರದಲ್ಲಿ ಇದನ್ನು ದೀಪಕ್ಕೆ ಹೋಲಿಸಿದ್ದರು. ನನ್ನ ದೀಪದಿಂದ ನಿಮ್ಮ ದೀಪ ಹೊತ್ತಿಸಿಕೊಂಡರೆ ನನಗೇನೂ ಕತ್ತಲಾಗುವುದಿಲ್ಲ ಎಂದು. ಇದೇ ಗುಣವನ್ನು ಆಧಾರವಾಗಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಪಾಲ್ ರೋಮರ್ 1990ರಲ್ಲಿ ಆರ್ಥಿಕ ಬೆಳವಣಿಗೆಯ ಬಗ್ಗೆ ಬರೆದರು, ಅವರಿಗೆ 2018ರಲ್ಲಿ ನೊಬೆಲ್ ಬಂತು.

ಅಂದಮೇಲೆ ಬರೆದು ಮುಗಿದ ಕೈಪಿಡಿ ಎಲ್ಲರಿಗೂ ಪುಕ್ಕಟೆ ಸಿಗುವುದೇ ಸಮಾಜಕ್ಕೆ ಒಳ್ಳೆಯದು, ಅಲ್ವಾ? ಬರೆದು ಮುಗಿದ ಮೇಲೆ ಹೌದು. ಆದರೆ ಮುಗಿದ ಮೇಲೆ ಪುಕ್ಕಟೆಯೇ ಗತಿ ಅಂತ ಮೊದಲೇ ಗೊತ್ತಿದ್ದರೆ ಎಷ್ಟು ಜನ ಎರಡು ವರ್ಷ ಕೂತು ಬರೆಯುತ್ತಾರೆ? ಇಲ್ಲಿ ಎರಡು ಒಳ್ಳೆಯದರ ನಡುವೆಯೇ ಜಗ್ಗಾಟ. ಕಾಪಿರೈಟ್ ಕಾನೂನು ಇದಕ್ಕೆ ಕಂಡುಕೊಂಡ ರಾಜಿ. ಬ್ರಿಟನ್ನಿನಲ್ಲಿ 1710ರಲ್ಲಿ ಜಾರಿಗೆ ಬಂದ ಕಾನೂನು ಹೊಸ ಪುಸ್ತಕಕ್ಕೆ 14 ವರ್ಷದ ಹಕ್ಕು ಕೊಟ್ಟಿತ್ತು. ಅಷ್ಟು ಹೊತ್ತಿಗೆ ಬರೆದವರು ಬದುಕಿದ್ದರೆ ಇನ್ನೊಂದು 14 ವರ್ಷ. ಆಮೇಲೆ ಎಲ್ಲರ ಸ್ವತ್ತು. ಈಗಂತೂ ಹೆಚ್ಚಿನ ದೇಶಗಳಲ್ಲಿ ಬರೆದವರು ತೀರಿಕೊಂಡು 50, 60, 70 ವರ್ಷದವರೆಗೂ ಹಕ್ಕು ಉಳಿಯುತ್ತದೆ. ಇದು ಅತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಎಪ್ಪತ್ತು ವರ್ಷ ಆದಮೇಲೆ ಬರುವ ಹಣ ನೋಡಿಕೊಂಡು ಯಾರೂ ಇವತ್ತು ಪೆನ್ನು ಹಿಡಿಯುವುದಿಲ್ಲ. ಆದರೆ ನಿಮ್ಮ ಗೆಳೆಯರಿಗೆ ಹೇಳಬೇಕಾದ ಉತ್ತರ ಸರಳ: ನೀವು ದುಡ್ಡು ತೆಗೆದುಕೊಳ್ಳುತ್ತಿರುವುದು ಕಾಪಿಗಲ್ಲ, ಆ ಕೈಪಿಡಿ ಹುಟ್ಟಿದ್ದಕ್ಕೆ.

ಇನ್ನು ಎರಡನೆಯ ಗೆಳೆಯರ ಮಾತು. ನಿಮ್ಮ ಎರಡು ವರ್ಷ ಆಗಿಹೋದ ಖರ್ಚು. ಮಷೀನ್ ಕೊಂಡಿದ್ದರೆ ಅರ್ಧ ಬೆಲೆಗಾದರೂ ಮಾರಿ ಸ್ವಲ್ಪ ಹಣ ಎತ್ತಬಹುದಿತ್ತು. ಬರವಣಿಗೆಗೆ ಹಾಕಿದ ಹೊತ್ತನ್ನು ಹಾಗೆ ಮರಳಿ ಪಡೆಯಲು ಆಗುವುದಿಲ್ಲ. ಬೆಲೆ 50 ಇಟ್ಟರೂ 500 ಇಟ್ಟರೂ ಆ ಖರ್ಚು ಅಷ್ಟೇ ಇರುತ್ತದೆ. ಆದ್ದರಿಂದ ಬೆಲೆ ಇಡುವಾಗ ಅದನ್ನು ಲೆಕ್ಕದ ಹೊರಗೆ ಇಡಿ. ಕಷ್ಟಪಟ್ಟು ಮಾಡಿದ್ದಕ್ಕೆ ಇದು ಮನಸ್ಸಿಗೆ ಒಪ್ಪುವುದು ಕಷ್ಟ, ಗೊತ್ತು. ಆ ಖರ್ಚು ಮುಖ್ಯವಾಗುವುದು ಬೇರೆ ಒಂದು ಘಳಿಗೆಯಲ್ಲಿ, ಅಂದರೆ ಮುಂದಿನ ಪುಸ್ತಕ ಬರೆಯಬೇಕೋ ಬೇಡವೋ ಎಂದು ತೀರ್ಮಾನಿಸುವಾಗ.

ಬೆಲೆ ಖರ್ಚಿನಿಂದ ಹುಟ್ಟುವುದಿಲ್ಲ ಅಂದೆ. ಒಂದೇ ಒಂದು ಸಂದರ್ಭದಲ್ಲಿ ಮಾತ್ರ ಅದು ಖರ್ಚಿಗೆ ಅಂಟಿಕೊಳ್ಳುತ್ತದೆ: ನಿಮ್ಮ ಸರಕೂ ಪಕ್ಕದವರ ಸರಕೂ ಒಂದೇ ಆಗಿದ್ದಾಗ. ಆಗ ಇಬ್ಬರೂ ಪೈಪೋಟಿಗೆ ಬಿದ್ದು ಬೆಲೆ ಇಳಿಸುತ್ತಾ ಹೋಗುತ್ತಾರೆ. ಮುಂದಿನ ಪ್ರತಿಯ ಖರ್ಚಿಗೆ ಬಂದಮೇಲೆಯೇ ಅದು ನಿಲ್ಲುವುದು. ಇಲ್ಲಿ ಆ ಖರ್ಚು ಸೊನ್ನೆ. ಹಾಗಾಗಿ ಬೆಲೆಯೂ ಸೊನ್ನೆಯ ಹತ್ತಿರ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಟೆಲಿಫೋನ್ ಡೈರೆಕ್ಟರಿಯದು. 1986ರಲ್ಲಿ ಅಮೆರಿಕದ ನೈನೆಕ್ಸ್ ಎಂಬ ಫೋನ್ ಕಂಪನಿ ತನ್ನ ಡೈರೆಕ್ಟರಿಯನ್ನು ಸಿಡಿಯಲ್ಲಿ ಹಾಕಿ ಒಂದಕ್ಕೆ 10,000 ಡಾಲರ್‌ನಂತೆ ಮಾರಿತು. ಕೊಳ್ಳುತ್ತಿದ್ದವರು ದೊಡ್ಡ ಸಂಸ್ಥೆಗಳು ಮತ್ತು ಸರ್ಕಾರಿ ಇಲಾಖೆಗಳು. ಆದರೆ ಡೈರೆಕ್ಟರಿ ಅಂದರೆ ಏನು? ಹೆಸರು, ವಿಳಾಸ, ನಂಬರು, ಅಷ್ಟೇ. ಅವು ಎಲ್ಲರ ಕೈಗೂ ಸಿಗುವ ಸಂಗತಿಗಳು. ಬೇರೆ ಕಂಪನಿಗಳು ಮುದ್ರಿತ ಡೈರೆಕ್ಟರಿಗಳನ್ನೇ ಇಟ್ಟುಕೊಂಡು ಮತ್ತೆ ಟೈಪ್ ಮಾಡಿಸಿ ತಮ್ಮದೇ ಸಿಡಿ ತಂದವು. ಹೀಗೆ ಮಾಡಬಹುದೇ ಎಂಬ ಪ್ರಶ್ನೆಗೆ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಉತ್ತರ ಕೊಟ್ಟಿತು. ಫೈಸ್ಟ್ ಎಂಬ ಪ್ರಕಾಶನ ಸಂಸ್ಥೆಯ ಪ್ರಕರಣದಲ್ಲಿ, ಅಕ್ಷರಕ್ರಮದಲ್ಲಿ ಜೋಡಿಸಿದ ಹೆಸರು ನಂಬರುಗಳ ಪಟ್ಟಿಗೆ ಕಾಪಿರೈಟ್ ಇಲ್ಲ, ಬೆವರು ಸುರಿಸಿ ಸಂಗ್ರಹಿಸಿದ್ದು ಎಂಬ ಒಂದೇ ಕಾರಣ ಸಾಲದು ಎಂದು ಅದು ಹೇಳಿತು. ಒಂದೇ ತರಹದ ಸಿಡಿಗಳು ಮಾರುಕಟ್ಟೆಯಲ್ಲಿ ಎದುರುಬದುರಾದ ಮೇಲೆ ಬೆಲೆ ಧಡಧಡ ಬಿತ್ತು. ಸಾವಿರಗಳಲ್ಲಿದ್ದದ್ದು ನೂರುಗಳಿಗೆ ಇಳಿಯಿತು, ಕೆಲವೇ ವರ್ಷಗಳಲ್ಲಿ ಹತ್ತುಗಳಿಗೆ. ಈಗ ಆ ಮಾಹಿತಿಗೆ ಯಾರೂ ಹಣ ಕೊಡುವುದಿಲ್ಲ.

ವಿಶ್ವಕೋಶಗಳ ಕಥೆಯೂ ಹೀಗೇ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ 1768ರಿಂದ ಅಚ್ಚಾಗುತ್ತಿತ್ತು. 1990ರಲ್ಲಿ ಅಮೆರಿಕದಲ್ಲೇ 1,20,000 ಸೆಟ್ ಮಾರಿ ದಾಖಲೆ ಮಾಡಿತ್ತು. 1993ರಲ್ಲಿ ಮೈಕ್ರೋಸಾಫ್ಟ್ ತನ್ನ ಎನ್‌ಕಾರ್ಟಾವನ್ನು ಸಿಡಿಯಲ್ಲಿ ತಂದಿತು. ಅದು ಬ್ರಿಟಾನಿಕಾದಷ್ಟು ಗಟ್ಟಿ ಇರಲಿಲ್ಲ, ಆದರೆ ಬೆಲೆಯಲ್ಲಿ ಅಜಗಜಾಂತರ. ಮನೆಯ ಮಗುವಿನ ಶಾಲೆಯ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಆಮೇಲೆ 2001ರಲ್ಲಿ ವಿಕಿಪೀಡಿಯಾ ಬಂತು. 2009ರಲ್ಲಿ ಎನ್‌ಕಾರ್ಟಾವೂ ಬಾಗಿಲು ಹಾಕಿತು. 2012ರಲ್ಲಿ ಬ್ರಿಟಾನಿಕಾ ಮುದ್ರಣ ನಿಲ್ಲಿಸುವುದಾಗಿ ಹೇಳಿತು. ಅಗ್ಗದ ಸರಕು ದುಬಾರಿ ಸರಕನ್ನು ಹೊಡೆಯಿತು, ಆ ಅಗ್ಗದ್ದನ್ನು ಪುಕ್ಕಟೆಯದು ಹೊಡೆಯಿತು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮ ಕೈಪಿಡಿಯನ್ನು ಒಮ್ಮೆ ಎದುರಿಗೆ ಇಟ್ಟುಕೊಂಡು ಪುಟ ತಿರುವಿ. ಸೂಜಿ ಹಾಕುವುದು ಹೇಗೆ, ಬಾಬಿನ್ ಸುತ್ತುವುದು ಹೇಗೆ, ಎಣ್ಣೆ ಎಲ್ಲಿ ಬಿಡಬೇಕು: ಇವು ಮಷೀನ್ ಜೊತೆ ಬರುವ ಪುಸ್ತಿಕೆಯಲ್ಲೇ ಇರುತ್ತವೆ, ಹುಡುಕಿದರೆ ವಿಡಿಯೊ ಸಿಗುತ್ತವೆ. ಅವಕ್ಕೆ ಬೆಲೆ ಸಿಗುವುದಿಲ್ಲ, ನೀವು ಎಷ್ಟೇ ಚೆಂದ ಬರೆದಿದ್ದರೂ. ಆದರೆ ದಪ್ಪ ಬಟ್ಟೆಯಲ್ಲಿ ಮಾತ್ರ ಹೊಲಿಗೆ ತಪ್ಪುತ್ತದೆ, ತೆಳು ಬಟ್ಟೆಯಲ್ಲಿ ತಪ್ಪುವುದಿಲ್ಲ ಅಂದರೆ ಮೊದಲು ಎಲ್ಲಿ ಕೈ ಹಾಕಬೇಕು? ಹುಕ್ಕಿನ ಟೈಮಿಂಗ್ ಕೆಟ್ಟಿದೆಯೋ, ಸೂಜಿ ಕಡ್ಡಿ ಕೆಳಗಿಳಿದಿದೆಯೋ ಅಂತ ಮಷೀನ್ ಪೂರ್ತಿ ಬಿಚ್ಚದೆ ಪತ್ತೆ ಹಚ್ಚುವುದು ಹೇಗೆ? ಯಾವ ಮಾಡೆಲಿನ ಯಾವ ಗೇರು ಮೊದಲು ಸವೆಯುತ್ತದೆ, ಅದಕ್ಕೆ ಬದಲಿ ಯಾವುದು ಕೂರುತ್ತದೆ? ಇದು ವರ್ಷಗಟ್ಟಲೆ ಕೈ ಕೊಳೆ ಮಾಡಿಕೊಂಡವರಿಗೆ ಮಾತ್ರ ಗೊತ್ತಿರುವ ವಿಷಯ. ನಿಮ್ಮ ಸರಕು ಇದು. ಉಳಿದದ್ದು ಇದನ್ನು ಹೊತ್ತು ತರುವ ಕಾಗದ ಅಷ್ಟೇ. ವರ್ಷಕ್ಕೊಮ್ಮೆ ಹೊಸ ಮಾಡೆಲುಗಳನ್ನು ಸೇರಿಸುತ್ತಾ ಹೋದರಂತೂ, ನಕಲು ಮಾಡಿದವರ ಹತ್ತಿರ ಯಾವಾಗಲೂ ಹಳೆಯದೇ ಇರುತ್ತದೆ.

ಈಗ ಬೆಲೆಗೆ ಬರೋಣ. ಇಲ್ಲಿ ಅಂಕಿ ಇಟ್ಟುಕೊಂಡು ನೋಡುವುದೇ ಸುಲಭ. ಯಾವ ದೇಶದ ಹಣ ಬೇಕಾದರೂ ಅಂದುಕೊಳ್ಳಿ, ಲೆಕ್ಕ ಒಂದೇ.

ನಿಮ್ಮ ಕೈಪಿಡಿ ಬೇಕಾದವರು ಎರಡು ತರಹದವರು ಅಂತಿಟ್ಟುಕೊಳ್ಳಿ. 10 ಜನ ರಿಪೇರಿಯನ್ನೇ ಕಸುಬಾಗಿ ಮಾಡುವವರು. ಅವರಿಗೆ ಇದು 300 ಬೆಲೆಬಾಳುತ್ತದೆ, ಯಾಕೆಂದರೆ ಎರಡು ಮಷೀನ್ ಸರಿಮಾಡಿದರೆ ಅಷ್ಟು ಹಣ ವಾಪಸ್ ಬಂತು. ಇನ್ನು 100 ಜನ ಮನೆಯಲ್ಲಿ ಒಂದು ಮಷೀನ್ ಇಟ್ಟುಕೊಂಡವರು. ಅವರು 40ಕ್ಕಿಂತ ಹೆಚ್ಚು ಕೊಡುವುದಿಲ್ಲ. ಎಲ್ಲರಿಗೂ 300 ಅಂತ ಒಂದೇ ಬೆಲೆ ಇಟ್ಟರೆ ಹತ್ತು ಜನ ಕೊಳ್ಳುತ್ತಾರೆ, 3,000 ಬರುತ್ತದೆ. ಎಲ್ಲರಿಗೂ 40 ಇಟ್ಟರೆ 110 ಜನ ಕೊಳ್ಳುತ್ತಾರೆ, 4,400 ಬರುತ್ತದೆ. ಎರಡರಲ್ಲೂ ನಷ್ಟ ಇದೆ. ಮೊದಲನೆಯದರಲ್ಲಿ ನೂರು ಜನ ಬರಿಗೈಲಿ ಹೋದರು, ಅವರಿಗೆ ಕೊಟ್ಟಿದ್ದರೆ ನಿಮಗೇನೂ ಖರ್ಚಿರಲಿಲ್ಲ. ಎರಡನೆಯದರಲ್ಲಿ ಹತ್ತು ಜನ ಕೊಡಲು ತಯಾರಿದ್ದ ಹಣವನ್ನು ನೀವೇ ಬಿಟ್ಟುಕೊಟ್ಟಿರಿ.

ಸರಿ, ಎರಡು ಬೆಲೆ ಇಡೋಣ ಅಂದರೆ ಯಾರು ಯಾವ ತರಹದವರು ಅಂತ ಹಣೆಯ ಮೇಲೆ ಬರೆದಿರುವುದಿಲ್ಲ. ಕೇಳಿದರೆ ಎಲ್ಲರೂ "ನಾನು ಮನೆಬಳಕೆಗೆ" ಅನ್ನುತ್ತಾರೆ. ಅದಕ್ಕೇ ಎರಡು ವರ್ಷನ್, ಅಂದರೆ ಎರಡು ಬೇರೆ ಆವೃತ್ತಿ, ಮಾಡಬೇಕು. ಅವರೇ ತಮಗೆ ಬೇಕಾದ್ದನ್ನು ಆರಿಸಿಕೊಂಡು ತಾವು ಯಾರು ಎಂದು ತೋರಿಸಿಕೊಡುತ್ತಾರೆ. ಆದರೆ ಎಚ್ಚರ, ಇಲ್ಲೇ ಹೆಚ್ಚಿನವರು ಎಡವುವುದು. ಮನೆಬಳಕೆಯ ವರ್ಷನ್ನು 40ಕ್ಕೆ ಇಟ್ಟಿರಿ. ಅದರಲ್ಲೇ ಬಹುಪಾಲು ವಿಷಯ ತುಂಬಿಬಿಟ್ಟಿರಿ. ಕಸುಬಿನವರು ಅದನ್ನು ನೋಡಿ "ಇದೂ ನನಗೆ 200 ಬಾಳುತ್ತೆ" ಅಂದುಕೊಂಡರೆ, 40 ಕೊಟ್ಟು 160 ಉಳಿಸಿಕೊಳ್ಳುತ್ತಾರೆ. ಈಗ ಪೂರ್ತಿ ಕೈಪಿಡಿಯನ್ನು ಅವರಿಗೆ ಮಾರಬೇಕಾದರೆ ಅಲ್ಲೂ ಕನಿಷ್ಠ 160 ಉಳಿಯುವಂತೆ ಮಾಡಬೇಕು. ಅಂದರೆ 300ರ ಸರಕನ್ನು 140ಕ್ಕೆ ಇಳಿಸಬೇಕು. ಒಟ್ಟು 1,400 ಮತ್ತು 4,000, ಸೇರಿ 5,400.

ಅದೇ ಮನೆಬಳಕೆಯ ವರ್ಷನ್ನಿನಿಂದ ಮಾಡೆಲುವಾರು ದೋಷಪಟ್ಟಿ, ಬಿಡಿಭಾಗಗಳ ನಂಬರು, ಸರ್ಕ್ಯೂಟ್ ಬೋರ್ಡಿನ ಅಧ್ಯಾಯ ಇವನ್ನು ತೆಗೆದುಬಿಡಿ. ಮನೆಯವರಿಗೆ ಇವುಗಳಿಂದ ಏನೂ ಪ್ರಯೋಜನ ಇರಲಿಲ್ಲ. ಅವರಿಗೆ ಅದು ಈಗಲೂ 40 ಬಾಳುತ್ತದೆ. ಆದರೆ ಕಸುಬಿನವರಿಗೆ ಅದು ಈಗ 60 ಮಾತ್ರ. ಅದನ್ನು ಕೊಂಡರೆ ಉಳಿಯುವುದು 20. ಹಾಗಾಗಿ ಪೂರ್ತಿ ಕೈಪಿಡಿಗೆ ನೀವು 280 ಇಡಬಹುದು. ಒಟ್ಟು 2,800 ಮತ್ತು 4,000, ಸೇರಿ 6,800. ಗಮನಿಸಿ, ನೀವು ಒಂದು ಸಾಲನ್ನೂ ಹೊಸದಾಗಿ ಬರೆದಿಲ್ಲ. ಒಂದೇ ಬೆಲೆ ಇಟ್ಟಾಗ ಬಂದ 4,400 ಎಲ್ಲಿ, ಇದೆಲ್ಲಿ. ಮನೆಯವರಿಗೂ ಕೈಪಿಡಿ ಸಿಕ್ಕಿತು, ಕಸುಬಿನವರಿಗೂ ಸಿಕ್ಕಿತು.

ಈ ಉಪಾಯ ಹೊಸದೇನಲ್ಲ. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ಯುಯಿ 1849ರಲ್ಲೇ ರೈಲಿನ ಮೂರನೇ ದರ್ಜೆಯ ಬಗ್ಗೆ ಇದನ್ನು ಗುರುತಿಸಿದ್ದರು. ಆಗ ಕೆಲವು ಕಂಪನಿಗಳ ಮೂರನೇ ದರ್ಜೆಯ ಡಬ್ಬಿಗಳಿಗೆ ಚಾವಣಿಯೇ ಇರುತ್ತಿರಲಿಲ್ಲ. ಚಾವಣಿ ಹಾಕಲು ದುಡ್ಡಿಲ್ಲ ಅಂತಲ್ಲ. ಎರಡನೇ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದಕ್ಕೆ ಬಾರದಿರಲಿ ಅಂತ. ನಮ್ಮ ಕಾಲದ್ದು ಬೇಕಾದರೆ ಐಬಿಎಂನ ಲೇಸರ್ ಪ್ರಿಂಟರ್ ಇದೆ. ಒಂದು ಮಾಡೆಲ್ ನಿಮಿಷಕ್ಕೆ 10 ಪುಟ, ಅಗ್ಗದ ಮಾಡೆಲ್ 5 ಪುಟ ಅಚ್ಚು ಹಾಕುತ್ತಿತ್ತು. ಒಳಗಿನ ಯಂತ್ರ ಎರಡರಲ್ಲೂ ಒಂದೇ. ಅಗ್ಗದ್ದರಲ್ಲಿ ಸುಮ್ನೆ ಕಾಯುವಂತೆ ಮಾಡುವ ಏರ್ಪಾಟು ಹೆಚ್ಚಿಗೆ ಇತ್ತು. ಷೇರಿನ ದರವನ್ನು ಆಗಿಂದಾಗ ನೋಡಲು ಹಣ, 15 ನಿಮಿಷ ತಡವಾಗಿ ನೋಡಲು ಪುಕ್ಕಟೆ ಅನ್ನುವುದೂ ಇದೇ ಲೆಕ್ಕ. ಗಟ್ಟಿ ರಟ್ಟಿನ ಪುಸ್ತಕ ಮೊದಲು ಬಂದು, ಅಗ್ಗದ ಆವೃತ್ತಿ ವರ್ಷ ಬಿಟ್ಟು ಬರುವುದೂ ಇದೇ.

ಇವುಗಳಲ್ಲಿ ನಾನು ಒಂದು ಗೆರೆ ಎಳೆಯುತ್ತೇನೆ. ಬೇಕಿಲ್ಲದವರಿಗೆ ಬೇಡದ್ದನ್ನು ಕೊಡದೆ ಬೆಲೆ ಇಳಿಸುವುದು ಸರಿ. ಬೇಕಾದವರಿಗೆ ನೋವಾಗಲಿ ಎಂದೇ ಕೆಡಿಸುವುದು, ಆ ಚಾವಣಿ ಇಲ್ಲದ ಡಬ್ಬಿಯ ಹಾಗೆ, ಸರಿಯಲ್ಲ. ನಿಮ್ಮ ಮನೆಬಳಕೆಯ ವರ್ಷನ್ನಿನಲ್ಲಿ ವಿದ್ಯುತ್ ಶಾಕ್, ಬೆರಳಿನ ಗಾಯ ಇವುಗಳ ಎಚ್ಚರಿಕೆಯ ಪುಟಗಳನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಚಿತ್ರಗಳನ್ನು ಮಸುಕು ಮಾಡಬೇಡಿ.

ವರ್ಷನ್ ಎಷ್ಟಿರಬೇಕು? ನಿಮ್ಮ ಕೊಳ್ಳುವವರಲ್ಲಿ ಕಣ್ಣಿಗೆ ಕಾಣುವಷ್ಟು ಬೇರೆ ಬೇರೆ ಗುಂಪು ಎಷ್ಟಿವೆಯೋ ಅಷ್ಟು. ಎರಡೋ ಮೂರೋ ಸಾಕು. ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರಿಗೆ ತಲೆಬಿಸಿ.

ಬೇರೆ ಬೇರೆ ಮಾರುವ ಬದಲು ಒಟ್ಟುಗೂಡಿಸಿ ಮಾರುವುದೂ ಒಂದು ದಾರಿ. ನಿಮ್ಮ ಹತ್ತಿರ ಎರಡು ಭಾಗ ಇವೆ ಅನ್ನಿ: ಹಳೆಯ ಕಾಲುಮಣೆಯ ಮಷೀನುಗಳದ್ದು ಒಂದು, ಕಂಪ್ಯೂಟರ್ ಮಷೀನುಗಳದ್ದು ಇನ್ನೊಂದು. ಒಬ್ಬರ ಹತ್ತಿರ ಬರುವುದು ಹೆಚ್ಚಾಗಿ ಹಳೆಯವೇ. ಅವರು ಮೊದಲ ಭಾಗಕ್ಕೆ 90, ಎರಡನೆಯದಕ್ಕೆ 30 ಕೊಟ್ಟಾರು. ಇನ್ನೊಬ್ಬರದು ಇದಕ್ಕೆ ಉಲ್ಟಾ. ಬಿಡಿಬಿಡಿಯಾಗಿ 90ರಂತೆ ಮಾರಿದರೆ ಇಬ್ಬರೂ ಒಂದೊಂದೇ ಕೊಳ್ಳುತ್ತಾರೆ, ಒಟ್ಟು 180. 30ರಂತೆ ಇಟ್ಟರೆ ಇಬ್ಬರೂ ಎರಡೂ ಕೊಳ್ಳುತ್ತಾರೆ, ಒಟ್ಟು 120. ಎರಡನ್ನೂ ಸೇರಿಸಿ 120ಕ್ಕೆ ಇಟ್ಟರೆ? ಇಬ್ಬರಿಗೂ ಸರಿಹೋಗುತ್ತದೆ, ಒಟ್ಟು 240. ಒಂದೊಂದು ಭಾಗದ ಬಗ್ಗೆ ಅವರ ಅಭಿರುಚಿ ದೂರದೂರ ಇದ್ದರೂ ಒಟ್ಟು ಮೊತ್ತದಲ್ಲಿ ಅವರು ಹತ್ತಿರ ಬಂದುಬಿಡುತ್ತಾರೆ. ಯಾನಿಸ್ ಬಾಕೋಸ್ ಮತ್ತು ಎರಿಕ್ ಬ್ರಿನ್ಯೋಲ್ಫ್‌ಸನ್ ಎಂಬ ಸಂಶೋಧಕರು 1999ರಲ್ಲಿ ಈ ಲೆಕ್ಕವನ್ನು ಸಾವಿರಾರು ಮಾಹಿತಿ ಸರಕುಗಳಿಗೆ ಹಿಗ್ಗಿಸಿ ತೋರಿಸಿದರು. ಕಾಪಿಗೆ ಖರ್ಚಿಲ್ಲದಿದ್ದಾಗ ಗಂಟು ದೊಡ್ಡದಾದಷ್ಟೂ ಬೆಲೆ ಇಡುವುದು ಸಲೀಸು. ತಿಂಗಳಿಗೆ ಇಷ್ಟು ಕೊಟ್ಟು ಲಕ್ಷಗಟ್ಟಲೆ ಹಾಡು ಕೇಳುವ ಸೇವೆಗಳ ಹಿಂದೆ ಇರುವ ಲೆಕ್ಕ ಇದೇ.

ಇನ್ನು ನಿಮ್ಮ ಎರಡನೆಯ ಗೊಂದಲ: ತೋರಿಸದಿದ್ದರೆ ಕೊಳ್ಳುವುದಿಲ್ಲ, ತೋರಿಸಿದರೆ ಕೊಳ್ಳುವ ಅಗತ್ಯ ಇಲ್ಲ. ಇದು ನಿಮಗೊಬ್ಬರಿಗೆ ಬಂದ ತೊಡಕಲ್ಲ. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1962ರಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಬರೆದರು, ಅದಕ್ಕೆ ಇವತ್ತಿಗೂ ಅವರ ಹೆಸರೇ ಇದೆ. ಇದಕ್ಕೆ ಪೂರ್ತಿ ಮದ್ದು ಇಲ್ಲ. ಆದರೆ ದಾರಿಗಳಿವೆ.

ಯಾವುದನ್ನು ತೋರಿಸಬೇಕು ಅನ್ನುವುದರಲ್ಲೇ ಜಾಣತನ ಇರುವುದು. ವಿಷಯಸೂಚಿಯನ್ನು ಪೂರ್ತಿ ತೋರಿಸಿ. ಒಂದು ಕೆಟ್ಟ ಮಷೀನಿನ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೂ ಪುಕ್ಕಟೆ ಕೊಡಿ. ಅರ್ಧಕ್ಕೆ ನಿಲ್ಲಿಸಿ "ಮುಂದಿನದಕ್ಕೆ ಹಣ ಕೊಡಿ" ಅನ್ನಬೇಡಿ, ಓದುಗರಿಗೆ ರೇಗುತ್ತದೆ. ಪೂರ್ತಿ ಪ್ರಸಂಗ ಓದಿದ ಕಸುಬಿನವರಿಗೆ ನಿಮ್ಮ ಕೈ ಎಂಥದ್ದು ಎಂದು ಗೊತ್ತಾಗುತ್ತದೆ. ಅವರ ಮುಂದೆ ನಾಳೆ ಬರುವ ಮಷೀನಿನ ದೋಷ ಮಾತ್ರ ಬೇರೆಯದೇ ಇರುತ್ತದೆ. ಹೀಗೆ ಬೇಕಾದಾಗ ಹುಡುಕಿ ನೋಡುವ ಪುಸ್ತಕಗಳಿಗೆ ಸ್ಯಾಂಪಲ್‌ನಿಂದ ನಷ್ಟ ಕಡಿಮೆ. ಒಂದೇ ಗುಟ್ಟಿನ ಮೇಲೆ ನಿಂತ ಪುಸ್ತಕಕ್ಕೆ ಮಾತ್ರ ಅದು ಅಪಾಯ.

ಒಳಗೇನಿದೆ ಅಂತ ತಿಳಿಯದಿದ್ದಾಗ ಆಗುವ ಇನ್ನೊಂದು ಕೇಡನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದರು. ಅವರ ಉದಾಹರಣೆ ಹಳೆಯ ಕಾರುಗಳದ್ದು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ಗೊತ್ತಾಗದಿದ್ದರೆ ಅವರು ಸರಾಸರಿ ಬೆಲೆ ಮಾತ್ರ ಕೊಡುತ್ತಾರೆ. ಒಳ್ಳೆಯ ಸರಕಿನವರಿಗೆ ಅದು ಗಿಟ್ಟುವುದಿಲ್ಲ, ಮಾರುಕಟ್ಟೆ ಬಿಟ್ಟು ಹೋಗುತ್ತಾರೆ. ಉಳಿಯುವುದು ಕಳಪೆ. ಅಲ್ಲಿ ಇಲ್ಲಿ ಕತ್ತರಿಸಿ ಅಂಟಿಸಿದ ಪಿಡಿಎಫ್‌ಗಳು ತುಂಬಿರುವ ಕಡೆ ನಿಮ್ಮದಕ್ಕೂ ಅದೇ ಬೆಲೆ ಕಟ್ಟುತ್ತಾರೆ. ಇದರಿಂದ ಪಾರಾಗಲು ನಂಬಿಕೆ ಹುಟ್ಟಿಸಬೇಕು, ಅದಕ್ಕೆ ಹೊತ್ತು ಬೇಕು. ನಿಮಗೆ ಒಂದು ಅನುಕೂಲ ಇದೆ: ಬೇಡವಾದರೆ ಹಣ ವಾಪಸ್ ಅನ್ನುವುದು ನಿಮಗೆ ಬೇರೆ ವ್ಯಾಪಾರದವರಿಗಿಂತ ಅಗ್ಗ. ಮಷೀನ್ ಮಾರುವವರಿಗೆ ಹಿಂದೆ ಬಂದ ಮಷೀನು ಸೆಕೆಂಡ್ ಹ್ಯಾಂಡ್ ಆಗಿರುತ್ತದೆ. ನಿಮಗೆ ಹೋಗುವುದು ಆ ಒಂದು ಮಾರಾಟ ಮಾತ್ರ, ಸ್ಟಾಕು ಕೆಡುವುದಿಲ್ಲ. ಫೈಲ್ ಉಳಿಸಿಕೊಂಡು ಹಣ ವಾಪಸ್ ಕೇಳುವವರು ಇರುತ್ತಾರೆ, ಇರಲಿ. ಅವರಿಗಿಂತ ಆ ಒಂದು ಮಾತು ನೋಡಿ ಧೈರ್ಯವಾಗಿ ಕೊಳ್ಳುವವರು ಹೆಚ್ಚು.

ಹಾಗಾದರೆ ದೊಡ್ಡ ಕಂಪನಿಗಳು ಎಲ್ಲವನ್ನೂ ಪುಕ್ಕಟೆ ಕೊಟ್ಟು ಬದುಕುವುದು ಹೇಗೆ ಅಂತ ನಿಮ್ಮ ಮೊದಲ ಗೆಳೆಯರು ಮುಂದೆ ಕೇಳಬಹುದು. ಅವು ಬೇರೆ ಕಡೆಯಿಂದ ವಸೂಲಿ ಮಾಡುತ್ತವೆ. ಮಾಹಿತಿ ಜಾಸ್ತಿ ಆದಾಗ ಕೊರತೆ ಆಗುವುದು ಓದುವವರ ಗಮನಕ್ಕೆ ಎಂದು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ಆ ಗಮನವನ್ನು ಜಾಹೀರಾತಿನವರಿಗೆ ಮಾರುವುದು ಈ ಕಂಪನಿಗಳ ಕಸುಬು. ಇನ್ನು ಕೆಲವರು ಒಂದು ಕಡೆಯವರಿಗೆ ಪುಕ್ಕಟೆ ಕೊಟ್ಟು ಇನ್ನೊಂದು ಕಡೆಯವರಿಂದ ಹಣ ತೆಗೆದುಕೊಳ್ಳುತ್ತಾರೆ. ನೀವು ಬಳಸುತ್ತಿರುವ ಪಿಡಿಎಫ್ ಇದಕ್ಕೆ ಒಳ್ಳೆಯ ಉದಾಹರಣೆ. 1993ರಲ್ಲಿ ಅಡೋಬಿ ಅದನ್ನು ತಂದಾಗ ಓದುವ ಸಾಫ್ಟ್‌ವೇರಿಗೂ ಹಣ ಕೇಳುತ್ತಿತ್ತು. ಓದುವವರೇ ಇಲ್ಲದಿದ್ದರೆ ಪಿಡಿಎಫ್ ಮಾಡುವವರು ಯಾಕಾದರೂ ಮಾಡುತ್ತಾರೆ? ಆಮೇಲೆ ಓದುವುದನ್ನು ಪುಕ್ಕಟೆ ಮಾಡಿ, ತಯಾರಿಸುವ ಸಾಫ್ಟ್‌ವೇರಿಗೆ ಮಾತ್ರ ಬೆಲೆ ಇಟ್ಟಿತು. ಎಲ್ಲರ ಹತ್ತಿರವೂ ಇದೆ ಅನ್ನುವುದೇ ಅದರ ಬಲವಾಯಿತು. ನಿಮಗೆ ಈ ದಾರಿ ಹೊಂದುವುದಿಲ್ಲ. ಜಾಹೀರಾತಿನಿಂದ ಬದುಕಲು ಲಕ್ಷಾಂತರ ಕಣ್ಣುಗಳು ಬೇಕು, ನಿಮ್ಮ ಓದುಗರು ಕಡಿಮೆ ಜನ ಮತ್ತು ಗಂಭೀರ ಅಗತ್ಯ ಇರುವವರು. ಅಂಥವರಿಂದ ನೇರವಾಗಿ ಹಣ ತೆಗೆದುಕೊಳ್ಳುವುದೇ ಸರಿ.

ಕೊಂಡವರು ಹಂಚಿದರೆ? ಸ್ವಲ್ಪ ಹಂಚುತ್ತಾರೆ, ಅದನ್ನು ಪೂರ್ತಿ ತಡೆಯಲು ಆಗದು. ನೀವು ನೋಡಬೇಕಾದ ಲೆಕ್ಕ ಎಷ್ಟು ಕಾಪಿ ಆಯಿತು ಅನ್ನುವುದಲ್ಲ, ಅದರಿಂದ ಎಷ್ಟು ಮಾರಾಟ ತಪ್ಪಿತು ಅನ್ನುವುದು. ಪುಕ್ಕಟೆ ಪಡೆದ ಹತ್ತು ಜನರಲ್ಲಿ ಎಂಟು ಜನ ಎಂದೂ ಕೊಳ್ಳುತ್ತಿರಲಿಲ್ಲ ಎಂದಾದರೆ ನಷ್ಟ ಎರಡು ಮಾತ್ರ, ಅದರಲ್ಲೂ ಒಬ್ಬರು ಮುಂದಿನ ಆವೃತ್ತಿ ಕೊಳ್ಳಬಹುದು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ವಿಡಿಯೊ ರೆಕಾರ್ಡರ್ ತಮ್ಮನ್ನು ಮುಳುಗಿಸುತ್ತದೆ ಎಂದು ಸೋನಿ ಕಂಪನಿಯ ಮೇಲೆ ಕೇಸು ಹಾಕಿದ್ದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಸೋನಿಯ ಪರ ತೀರ್ಪು ಕೊಟ್ಟಿತು. ಮುಂದೆ ಅದೇ ವಿಡಿಯೊ ಕ್ಯಾಸೆಟ್ಟಿನಿಂದ ಸ್ಟುಡಿಯೋಗಳಿಗೆ ದೊಡ್ಡ ಆದಾಯ ಬಂತು. ಕಾಪಿ ಮಾಡಲು ಆಗದಂತೆ ಬೀಗ ಹಾಕಿದ ಫೈಲುಗಳ ಕಥೆಯೂ ನೋಡಿ. ಆ್ಯಪಲ್ ತನ್ನ ಅಂಗಡಿಯಲ್ಲಿ ಹಾಡುಗಳಿಗೆ ಹಾಕಿದ್ದ ಬೀಗವನ್ನು 2009ರಲ್ಲಿ ತೆಗೆದುಹಾಕಿತು. ಬೀಗ ಹಿಂಸೆ ಕೊಡುವುದು ಹಣ ಕೊಟ್ಟವರಿಗೆ. ಕದ್ದವರ ಹತ್ತಿರ ಇರುವ ಪ್ರತಿಗೆ ಬೀಗವೇ ಇರುವುದಿಲ್ಲ. ನೀವು ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು ಸಣ್ಣದಾಗಿ ಅಚ್ಚಾಗುವಂತೆ ಮಾಡಿ, ಅಷ್ಟು ಸಾಕು. ತಮ್ಮ ಹೆಸರಿರುವ ಫೈಲನ್ನು ಊರಿಗೆಲ್ಲ ಹಂಚಲು ಹೆಚ್ಚಿನವರು ಹಿಂದೆಮುಂದೆ ನೋಡುತ್ತಾರೆ. ನಿಮ್ಮ ಕೈಪಿಡಿಯನ್ನು ಯಾರಾದರೂ ತಮ್ಮದೆಂದು ಮಾರಲು ಹೊರಟರೆ ಮಾತ್ರ ಸುಮ್ಮನಿರಬೇಡಿ. ಅದು ಬೇರೆ ವಿಷಯ, ಅಲ್ಲಿ ಕಾನೂನು ನಿಮ್ಮ ಪರ ಇದೆ. ಬರೀ ಡೈರೆಕ್ಟರಿಯ ಪಟ್ಟಿಯಂತಲ್ಲದೆ, ನಿಮ್ಮ ವಿವರಣೆ ಮತ್ತು ಚಿತ್ರಗಳಿಗೆ ಕಾಪಿರೈಟ್ ಇರುತ್ತದೆ.

ಕೊನೆಗೆ ಆ ತರಬೇತಿ ಕೇಂದ್ರ. ಒಂದು ಪ್ರತಿಯ ಬೆಲೆಗೆ ಕೊಡಬೇಡಿ, 40 ಪ್ರತಿಯ ಬೆಲೆಯನ್ನೂ ಕೇಳಬೇಡಿ. ಅವರದು ಮೂರನೆಯದೇ ಒಂದು ಗುಂಪು. ಮೇಲಿನ ಲೆಕ್ಕದಲ್ಲೇ ನೋಡಿ: ಪೂರ್ತಿ ಕೈಪಿಡಿಯ ಬೆಲೆ 280. ನಲವತ್ತಕ್ಕೆ ಗುಣಿಸಿದರೆ 11,200. ಅಷ್ಟು ಹಣ ಅವರು ಕೊಡುವುದಿಲ್ಲ, ಕಲಿಯುವ ಹುಡುಗರಿಗೆ ಅದು ಅಷ್ಟು ಬಾಳುವುದೂ ಇಲ್ಲ. ಒಬ್ಬ ವಿದ್ಯಾರ್ಥಿಗೆ 25 ಬಾಳುತ್ತದೆ ಅಂದುಕೊಂಡರೆ ಒಟ್ಟು 1,000. ಅದರ ಆಸುಪಾಸಿನಲ್ಲಿ ಒಂದು ವರ್ಷದ ಲೈಸೆನ್ಸ್ ಕೊಡಿ. ಕೇಂದ್ರದ ಒಳಗೆ ಎಷ್ಟು ಜನ ಬೇಕಾದರೂ ಓದಬಹುದು, ಹೊರಗೆ ಕೊಡುವಂತಿಲ್ಲ, ಮುಂದಿನ ವರ್ಷ ಹೊಸ ಮಾಡೆಲುಗಳ ಸಮೇತ ನವೀಕರಿಸಬಹುದು ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಅವರಿಗೂ ತಲೆಗೆ ಇಷ್ಟು ಎಂದು ಎಣಿಸುವ ರಗಳೆ ಇಲ್ಲ. ಓದು ಮುಗಿಸಿ ಹೊರಬಿದ್ದು ಸ್ವಂತ ಅಂಗಡಿ ತೆರೆಯುವ ವಿದ್ಯಾರ್ಥಿಗೆ ಆ ಪುಟಗಳು ಆಗಲೇ ರೂಢಿಯಾಗಿರುತ್ತವೆ, ಪೂರ್ತಿ ಕೈಪಿಡಿಯ ಹೊಸ ಆವೃತ್ತಿಯನ್ನು ಅವರಿಗೆ ರಿಯಾಯಿತಿಯಲ್ಲಿ ಕೊಡುವುದಾಗಿ ಅದೇ ಕರಾರಿನಲ್ಲಿ ಸೇರಿಸಿ. ನಿಮ್ಮ ಮುಂದಿನ ಹತ್ತು ಜನ ಕಸುಬಿನ ಗಿರಾಕಿಗಳು ಆ ನಲವತ್ತರೊಳಗಿಂದಲೇ ಬರುವ ಸಾಧ್ಯತೆ ಹೆಚ್ಚು.